ಸೋರುವ ಗಾಳಿಗೂ ಬಿಲ್ ಬರುತ್ತದೆ

ಲಗ್ಗೆರೆಯ ನನ್ನ ಶೆಡ್ಡಿನಲ್ಲಿ ಲೇತ್‌ಗಳು ನಿಂತ ಮೇಲೂ ‘ಸುಸ್’ ಎನ್ನುವ ಸದ್ದು ಕೇಳಿದರೆ ನಾನು ಮನೆಗೆ ಹೊರಡುವುದಿಲ್ಲ. ಸೋಪಿನ ನೀರು ಹಿಡಿದು ಕಪ್ಲಿಂಗ್‌ಗಳನ್ನು ಹುಡುಕುತ್ತೇನೆ. ಪೀಣ್ಯದ ಮಗ್ಗುಲಿನ ನಮ್ಮಂಥ ಸಣ್ಣ ವರ್ಕ್‌ಶಾಪುಗಳ ಕಿವಿ ಈ ಸದ್ದಿಗೆ ಒಗ್ಗಿಹೋಗಿರುವುದೇ ನನ್ನ ಸಂಕಟ.

‘ಗಾಳಿ ತಾನೇ, ಹೋಗಲಿ ಬಿಡಿ’ ಅನ್ನುತ್ತಾರೆ. ಅದು ಪುಕ್ಕಟೆ ಗಾಳಿಯಲ್ಲ. 7 ಬಾರ್ ಒತ್ತಡದ ಪೈಪಿನಲ್ಲಿ 3 ಮಿಲಿಮೀಟರ್ ತೂತಿದ್ದರೆ, ಅದನ್ನು ಸಾಕಲು ಕಂಪ್ರೆಸರ್ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಹಗಲು ರಾತ್ರಿ ಸೋರಿದರೆ ದಿನಕ್ಕೆ 70 ಯೂನಿಟ್.

ಹೊರಗಿನ ಒತ್ತಡ ಒಳಗಿನ ಒಟ್ಟು ಒತ್ತಡದ ಶೇ 53ಕ್ಕಿಂತ ಕಡಿಮೆಯಿದ್ದರೆ, ಗಾಳಿ ಆ ತೂತಿನಲ್ಲಿ ಶಬ್ದದ ವೇಗ ಮುಟ್ಟುತ್ತದೆ. ಪೈಪಿನಿಂದ ಶಾಖ ಪಡೆಯಲು ಅದಕ್ಕೆ ಸಮಯವೇ ಇಲ್ಲ. ತನ್ನದೇ ಶಾಖವನ್ನು ವೇಗಕ್ಕೆ ಕೊಟ್ಟು, 27 ಡಿಗ್ರಿಯ ಗಾಳಿ ಮೈನಸ್ 23ರ ಹತ್ತಿರಕ್ಕೆ ಇಳಿಯುತ್ತದೆ. ಶಬ್ದದ ವೇಗ ಮುಟ್ಟಿದ ಮೇಲೆ ಸೋರಿಕೆ ಒಳಗಿನ ಒಟ್ಟು ಒತ್ತಡದ ಲೆಕ್ಕದಲ್ಲೇ ಏರಿಳಿಯುತ್ತದೆ. ಗೇಜನ್ನು 7ರಿಂದ 6ಕ್ಕೆ ಇಳಿಸಿದರೆ, ಅಂದರೆ ವಾತಾವರಣದ ಒತ್ತಡವೂ ಸೇರಿ ಒಟ್ಟು ಒತ್ತಡ 8ರಿಂದ 7ಕ್ಕೆ ಇಳಿದರೆ, ಎಲ್ಲ ತೂತುಗಳ ಸೋರಿಕೆಯೂ ಎಂಟನೇ ಒಂದು ಭಾಗ ತಗ್ಗುತ್ತದೆ.

ನಮ್ಮಲ್ಲಿ ನಡೆಯುವುದು ಉಲ್ಟಾ. ಕೊನೆಯ ಮಷೀನಿಗೆ ಗಾಳಿ ಸಾಲದಿದ್ದರೆ ಒತ್ತಡ ಏರಿಸುತ್ತಾರೆ, ಸೋರಿಕೆಯೂ ಏರುತ್ತದೆ.

ಸೋರಿಕೆ ಪತ್ತೆಹಚ್ಚುವ ಅಲ್ಟ್ರಾಸಾನಿಕ್ ಉಪಕರಣವನ್ನು ಕೈಗಾರಿಕಾ ಸಂಘಗಳೇ ಕೊಂಡು ಸಣ್ಣವರಿಗೆ ಬಾಡಿಗೆಗೆ ಕೊಡಬೇಕು. ಅಲ್ಲಿಯವರೆಗೆ, ಭಾನುವಾರ ಮಷೀನುಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರ್ ಮಾತ್ರ ಓಡಿಸಿ. ಹತ್ತು ನಿಮಿಷದಲ್ಲಿ ಮೂರು ನಿಮಿಷ ಅದು ಲೋಡ್ ಎಳೆದರೆ, ಅದರ ಸಾಮರ್ಥ್ಯದ ಶೇ 30 ತೂತುಗಳಿಗೇ ಹೋಗುತ್ತಿದೆ.