ನಿಂತಲ್ಲಿ ದೊರೆತವರು

ಹಲಸೂರಿನಿಂದ ಹೊರಟು, ಇಂದಿರಾನಗರವನ್ನು ಬಲಗಡೆಗೆ ಬಿಟ್ಟು, ಕೃಷ್ಣರಾಜಪುರ ಹೊಸಕೋಟೆಗಳನ್ನು ದಾಟಿ ಕೋಲಾರ ಮುಳಬಾಗಿಲುಗಳ ಕಡೆಗೆ ಸಾಗುವ ಹಳೆಯ ಮದರಾಸು ರಸ್ತೆಯು ಭಾನುವಾರದ ದಿವಸ ಬಹಳ ಬೇಗ ಎಚ್ಚರಗೊಳ್ಳುತ್ತದೆ. ನಾಲ್ಕು ಗಂಟೆಯ ಕತ್ತಲೆಯಲ್ಲಿಯೇ ಮೋಟಾರು ಸೈಕಲುಗಳು ಹಿಂಡುಹಿಂಡಾಗಿ ಪೂರ್ವಾಭಿಮುಖವಾಗಿ ಹೊರಡುವುದನ್ನು ಅಲ್ಲಿಯ ನಿವಾಸಿಗಳು ವಾರವಾರವೂ ಕಾಣುತ್ತಾರೆ. ಅಥವಾ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳುತ್ತಾರೆ. ಈ ತರುಣರಲ್ಲಿ ಬಹುಮಂದಿಗೆ ಹೊಸಕೋಟೆಯ ಬಿರಿಯಾನಿಯೇ ಪರಮ ಪುರುಷಾರ್ಥ. ಅದು ಅರುಣೋದಯಕ್ಕೆ ಮೊದಲೇ ಬಡಿಸಲ್ಪಡುತ್ತದೆಯೆಂದೂ, ತಡವಾಗಿ ಹೋದವರಿಗೆ ಬರಿಯ ಪಾತ್ರೆಯ ದರ್ಶನವೇ ಗತಿಯೆಂದೂ ಕೇಳಿಬಲ್ಲೆವು. ಅದರ ರುಚಿಯ ವಿಚಾರದಲ್ಲಿ ಮಾತನಾಡಲು ನಮಗೆ ಅಧಿಕಾರವಿಲ್ಲ. ಮತ್ತೆ ಕೆಲವರು ಕುರುಡುಮಲೆಯ ಗಣಪತಿಯನ್ನೋ, ಆವನಿಯ ಬೆಟ್ಟವನ್ನೋ, ಮುಳಬಾಗಿಲಿನ ದೋಸೆಯನ್ನೋ ಉದ್ದೇಶವಾಗಿಟ್ಟುಕೊಂಡು ಹೊರಡುವವರು. ನಾವು ಈ ಎರಡನೆಯ ಪಂಗಡಕ್ಕೆ ಸೇರಿದವರು. ಆದರೆ ಹೋಗಿಬಂದವರನ್ನು ಎಂಟು ದಿನ ಕಳೆದ ಮೇಲೆ ವಿಚಾರಿಸಿ ನೋಡಿದರೆ ಬೆಟ್ಟದ ಮಾತು ಒಂದು ಬಂದರೆ, ದಾರಿಯಲ್ಲಿ ಗಾಡಿ ನಿಲ್ಲಿಸಿದಾಗ ಸಿಕ್ಕಿದ ಮನುಷ್ಯರ ಮಾತು ಹತ್ತು ಬರುತ್ತದೆ.

ನಮ್ಮ ವಾಹನವು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಮೊದಲು ಜಾವಾ ಎಂಬ ಹೆಸರಿನಲ್ಲಿಯೂ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿಯೂ ಈ ವಾಹನಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಒದ್ದು ಎಬ್ಬಿಸುವ ಕಾಲ್ಮೆಟ್ಟೇ ಮುಂದಕ್ಕೆ ತಿರುಗಿ ಗೇರು ಬದಲಾಯಿಸುವ ಕೋಲೂ ಆಗುವುದು ಇದರ ವೈಚಿತ್ರ್ಯ. ಪೆಟ್ರೋಲಿನೊಡನೆ ಎಣ್ಣೆಯನ್ನು ಹದವಾಗಿ ಬೆರಸಿ ಕುಡಿಸಬೇಕು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಅನಾಹುತ. ಇಂತಹ ವೃದ್ಧವಾಹನವು ಹೊಸ ಬಂಡಿಗಳಿಗಿಂತ ಹೆಚ್ಚು ಸಲ ನಿಲ್ಲುತ್ತದೆ. ನಿಂತಲ್ಲೆಲ್ಲ ಒಬ್ಬರಲ್ಲ ಒಬ್ಬರು ಬಂದು ಮಾತನಾಡಿಸುತ್ತಾರೆ. ಆ ಮಾತು ಪ್ರಾಯಶಃ ಒಂದೇ ಬಗೆಯಾಗಿ ಮೊದಲಾಗುತ್ತದೆ: “ನಮ್ಮಪ್ಪನ ಹತ್ರ ಇದೇ ಇತ್ತು ಸಾರ್.”

ಹಲಸೂರಿನ ಒಂದು ಪೆಟ್ರೋಲು ಬಂಕಿನಲ್ಲಿ ನಾವು ಸೀಸೆಯಿಂದ ಎಣ್ಣೆಯನ್ನು ಅಳೆದು ಸುರಿಯುತ್ತಿದ್ದಾಗ, ಸ್ಕೂಟರಿನಲ್ಲಿ ಬಂದಿದ್ದ ಸುಮಾರು ಐವತ್ತು ವಯಸ್ಸಿನ ಮಹಿಳೆಯೊಬ್ಬರು ಹತ್ತಿರ ಬಂದು ಟ್ಯಾಂಕಿನ ಮೇಲೆ ಕೈಯಿಟ್ಟರು. ತಮ್ಮ ತಂದೆಯವರು ಇದರ ಮೇಲೆ ಐವರನ್ನು ಕೂರಿಸಿಕೊಂಡು ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋಗುತ್ತಿದ್ದರೆಂದೂ, ಎಲ್ಲರಿಗಿಂತ ಚಿಕ್ಕವರಾದ ತಮಗೆ ಟ್ಯಾಂಕೇ ಪೀಠವಾಗಿತ್ತೆಂದೂ ಹೇಳಿದರು. ಆಮೇಲೆ ಸ್ವಲ್ಪ ಸಂಕೋಚದಿಂದ, “ಒಂದ್ ಸಲ ಸ್ಟಾರ್ಟ್ ಮಾಡ್ತೀರಾ ಮೇಷ್ಟ್ರೇ? ಸದ್ದು ಕೇಳಿ ಬಹಳ ವರ್ಷ ಆಯ್ತು,” ಎಂದರು. ನಾವು ಮೇಷ್ಟರೆಂಬುದು ಅವರಿಗೆ ಹೇಗೆ ತಿಳಿಯಿತೋ! ಮುಖದ ಮೇಲೆ ಬರೆದಿರಬೇಕು. ಬಂಡಿಯನ್ನು ಬೀದಿಯವರೆಗೆ ತಳ್ಳಿಕೊಂಡು ಹೋಗಿ ಒದ್ದು ಎಬ್ಬಿಸಿದೆವು. ಅವರು ತಲೆ ತಗ್ಗಿಸಿಕೊಂಡು ಅರ್ಧ ನಿಮಿಷ ಕೇಳಿದರು; ಕೈಮುಗಿದರು; ಹೊರಟುಹೋದರು. ಅವರ ಹೆಸರನ್ನು ನಾವು ಕೇಳಲಿಲ್ಲ, ನಮ್ಮ ಹೆಸರನ್ನು ಅವರೂ ಕೇಳಲಿಲ್ಲ.

ಹೆಸರು ಕೇಳದಿರುವ ಈ ಪದ್ಧತಿಯು ಅವಿನಯವೆಂದು ಯಾರೂ ಭಾವಿಸಬಾರದು. ಅದು ಬಹು ಹಳೆಯ ಮರ್ಯಾದೆ. ಅತಿಥಿ ಎಂಬ ಶಬ್ದವನ್ನು ನಮ್ಮ ವೈಯಾಕರಣರು ‘ಅತ್’ ಎಂಬ ಧಾತುವಿನಿಂದ ಸಾಧಿಸುತ್ತಾರೆ. ಬಿಡದೆ ಚಲಿಸುವುದು ಎಂದು ಅದಕ್ಕೆ ಅರ್ಥ. ಎಂದರೆ ಅತಿಥಿಯು ಮೂಲತಃ ದಾರಿಗನು. ಅವನ ಗೋತ್ರವೇನು, ಓದಿದ ಶಾಖೆ ಯಾವುದು ಎಂದು ವಿಚಾರಿಸದೆಯೇ ಅವನನ್ನು ಆದರಿಸಬೇಕೆಂದು ಪರಾಶರಸ್ಮೃತಿಯು ವಿಧಿಸುತ್ತದೆ. ಇನ್ನು ‘ಸಾಪ್ತಪದೀನ’ ಎಂಬುದೊಂದು ಸೊಗಸಾದ ಮಾತುಂಟು. ಏಳು ಹೆಜ್ಜೆ ಜೊತೆಯಲ್ಲಿ ನಡೆದ ಮಾತ್ರಕ್ಕೆ, ಅಥವಾ ಏಳು ಮಾತು ಆಡಿದ ಮಾತ್ರಕ್ಕೆ, ಹುಟ್ಟುವ ಗೆಳೆತನವೆಂದು ಅದರ ಅರ್ಥ. ಈ ಒಂದು ಶಬ್ದಕ್ಕಾಗಿ ಪಾಣಿನಿಯು ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ರಚಿಸಿದ್ದಾನೆ. ಕುಮಾರಸಂಭವದಲ್ಲಿ ಬ್ರಹ್ಮಚಾರಿಯ ವೇಷದಿಂದ ಬಂದ ಶಿವನು ಪಾರ್ವತಿಯೊಡನೆ ಸಲುಗೆಯ ಪ್ರಶ್ನೆಗಳನ್ನು ಕೇಳುವ ಮುನ್ನ ಇದೇ ಶಬ್ದವನ್ನು ಆಧಾರವಾಗಿ ತೆಗೆದುಕೊಳ್ಳುತ್ತಾನೆ. ಪೆಟ್ರೋಲು ಬಂಕಿನಲ್ಲಿ ಆಗುವ ಸ್ನೇಹಕ್ಕೆ ಇದಕ್ಕಿಂತ ತಕ್ಕ ಹೆಸರು ನಮಗೆ ತೋರದು.

ದಂಡಿನ ಪ್ರದೇಶದ ಗುಜರಿ ಅಂಗಡಿಗಳಲ್ಲಿ ಈ ಸ್ನೇಹಕ್ಕೆ ಇನ್ನೊಂದು ರೂಪವಿದೆ. ಹಿಂದೆ ಬ್ಲಾಕ್‌ಪಲ್ಲಿಯೆನಿಸಿಕೊಂಡಿದ್ದ ಶಿವಾಜಿನಗರದಲ್ಲಿ ಹಳೆಯ ಬಂಡಿಗಳ ಬಿಡಿಭಾಗಗಳನ್ನು ಗುಡ್ಡೆಹಾಕಿಕೊಂಡು ಕುಳಿತಿರುವ ವ್ಯಾಪಾರಿಗಳುಂಟು. ಅವರಲ್ಲಿ ಒಬ್ಬ ವೃದ್ಧರು ನಮಗೆ ಬೇಕಾದ ಕ್ಲಚ್ಚಿನ ತಂತಿಯನ್ನು ಕಣ್ಣುಮುಚ್ಚಿಕೊಂಡು ಹುಡುಕಿ ಕೊಟ್ಟು, ಹಣವನ್ನು ಎಣಿಸಿಕೊಂಡು, ಇನ್ನೊಂದು ಹಳೆಯ ತಂತಿಯನ್ನೂ ಪೊಟ್ಟಣದಲ್ಲಿ ಸೇರಿಸಿದರು. “ಇದಕ್ಕೆಷ್ಟು ಸಾಹೇಬರೇ?” ಎಂದು ಕೇಳಿದ್ದಕ್ಕೆ, “ಅದು ನಿಮಗಲ್ಲ ಸಾಬ್. ರಸ್ತೇಲಿ ಯಾರಾದ್ರೂ ನಿಂತಿರ್ತಾರಲ್ಲ, ಅವರಿಗೆ,” ಎಂದುಬಿಟ್ಟರು. ಅದು ನಮ್ಮ ಚೀಲದಲ್ಲಿಯೇ ಇದೆ. ತಕ್ಕ ಮನುಷ್ಯನು ಇನ್ನೂ ಸಿಕ್ಕಿಲ್ಲ.

ಹಿಂದಿನ ಕಾಲದಲ್ಲಿ ದಾರಿಗನು ನಿಲ್ಲುವುದಕ್ಕೆಂದೇ ಛತ್ರಗಳೂ, ಬೇಸಗೆಯಲ್ಲಿ ಅರವಟ್ಟಿಗೆಗಳೂ ಇದ್ದುವು. ಹಲಸೂರಿನ ಸೋಮೇಶ್ವರ ದೇವಾಲಯದ ಸ್ಥಳೈತಿಹ್ಯವೂ ಒಬ್ಬ ದಣಿದ ಪ್ರಯಾಣಿಕನದೇ: ಬೇಟೆಗೆ ಹೊರಟ ಯಲಹಂಕದ ಗೌಡನು ಇಲ್ಲಿ ಮರದಡಿಯಲ್ಲಿ ಮಲಗಿದ್ದಾಗ ಸೋಮೇಶ್ವರನು ಕನಸಿನಲ್ಲಿ ಕಾಣಿಸಿಕೊಂಡು ನಿಧಿಯನ್ನು ತೋರಿಸಿ ಗುಡಿ ಕಟ್ಟಿಸೆಂದನಂತೆ. ಈಗ ಛತ್ರದ ಸ್ಥಾನದಲ್ಲಿ ಚಹದ ಅಂಗಡಿಯೂ ಪಂಕ್ಚರು ಹಾಕುವವನ ಗುಡಿಸಲೂ ಇವೆ.

ಆದರೆ ದಾರಿಯಲ್ಲಿ ನಿಲ್ಲುವುದೆಲ್ಲ ಚಹಕ್ಕಾಗಿಯೇ ಅಲ್ಲ. ಕಳೆದ ವರ್ಷದ ಒಂದು ಬೆಳಗ್ಗೆ ನಾವು ಕೃಷ್ಣರಾಜಪುರದ ಸೇತುವೆಯನ್ನು ದಾಟಿ, ಭಟ್ಟರಹಳ್ಳಿಯ ಆಚೆಗೆ ಹೋಗುತ್ತಿದ್ದಾಗ ರಸ್ತೆಯ ಅಂಚಿನಲ್ಲಿ ಜನ ಗುಂಪಾಗಿ ನಿಂತಿದ್ದರು. ಒಬ್ಬ ತರುಣನು ಬಿದ್ದಿದ್ದನು. ಅವನ ಬಂಡಿಯು ಹತ್ತು ಮಾರು ದೂರದಲ್ಲಿತ್ತು. ಶಿರಸ್ತ್ರಾಣವಿದ್ದುದರಿಂದ ತಲೆ ಉಳಿದಿತ್ತು. ತೊಡೆಯಿಂದ ರಕ್ತವು ಸುರಿಯುತ್ತಿತ್ತು. 108ಕ್ಕೆ ಕರೆ ಹೋಗಿತ್ತು, ಆದರೆ ಟಿನ್ ಫ್ಯಾಕ್ಟರಿಯ ಬಳಿ ವಾಹನಗಳು ಕಿಕ್ಕಿರಿದಿದ್ದುವು. ಸುತ್ತ ನಿಂತವರಲ್ಲಿ ಯಾರೂ ಕಟುಕರಲ್ಲ. ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ: “ಮುಟ್ಟಬೇಡಿ ಸಾರ್, ಆಮೇಲೆ ಸ್ಟೇಷನ್ನು ಕೋರ್ಟು ಅಂತ ಅಲೀಬೇಕಾಗುತ್ತೆ.”

ಈ ಭಯವು ಒಂದು ಕಾಲಕ್ಕೆ ನಿರಾಧಾರವಾಗಿರಲಿಲ್ಲ. 2016ರ ಫೆಬ್ರವರಿಯಲ್ಲಿ ಹರೀಶನೆಂಬ ತರುಣನು ಮೋಟಾರು ಸೈಕಲಿನಲ್ಲಿ ಬೆಂಗಳೂರಿಗೆ ಬರುತ್ತಿದ್ದಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವು ಎರಡಾಗಿ ಬಿದ್ದಿದ್ದುದನ್ನೂ, ಅಂತಹ ಸ್ಥಿತಿಯಲ್ಲಿಯೂ ತನ್ನ ಅಂಗಗಳನ್ನು ದಾನಮಾಡಿರೆಂದು ಅವನು ಕೇಳಿಕೊಂಡುದನ್ನೂ ಓದುಗರು ಮರೆತಿರಲಾರರು. ಅವನ ಕಣ್ಣುಗಳು ದಾನವಾದುವು. ಅದೇ ವರ್ಷ ಕರ್ನಾಟಕ ಸರ್ಕಾರವು ಅವನ ಹೆಸರಿನಲ್ಲಿ, ಅಪಘಾತಕ್ಕೆ ಸಿಕ್ಕಿದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ಭರಿಸುವ ಯೋಜನೆಯೊಂದನ್ನು ಆರಂಭಿಸಿತು. ಅದೇ ವರ್ಷದ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯವು ಗಾಯಾಳುವಿಗೆ ನೆರವಾದವರನ್ನು ಪೀಡಿಸಕೂಡದೆಂಬ ನಿಯಮಗಳಿಗೆ ಬಲವನ್ನು ಕೊಟ್ಟಿತು. ನಮ್ಮ ರಾಜ್ಯದ ಶಾಸನಸಭೆಯು ಇದಕ್ಕಾಗಿಯೇ 2016ರಲ್ಲಿ ಒಂದು ಕಾನೂನನ್ನು ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತವು ದೊರೆತದ್ದು 2018ರಲ್ಲಿ. ಅನಂತರ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134-ಎ ಎಂಬ ಕಲಮು ಸೇರಿ ಇಡೀ ದೇಶಕ್ಕೆ ಈ ರಕ್ಷಣೆಯು ಬಂದಿತು. ಸದ್ಭಾವದಿಂದ ನೆರವಾದವನು ಗಾಯಾಳುವಿಗೆ ಮುಂದೆ ಏನಾದರೂ ಆದರೆ ಅದಕ್ಕೆ ಹೊಣೆಗಾರನಲ್ಲ. ಅವನು ತನ್ನ ಹೆಸರನ್ನಾಗಲಿ ವಿಳಾಸವನ್ನಾಗಲಿ ಹೇಳಬೇಕೆಂದು ಪೊಲೀಸಿನವರು ಬಲಾತ್ಕರಿಸುವಂತಿಲ್ಲ. ಸಾಕ್ಷಿಯಾಗುವುದೂ ಅವನ ಇಚ್ಛೆಗೆ ಬಿಟ್ಟದ್ದು. ಗಾಯಾಳುವಿನ ಬಂಧುವಲ್ಲದ ಪಕ್ಷದಲ್ಲಿ ಆಸ್ಪತ್ರೆಯು ಅವನನ್ನು ತಡೆಯಲೂ ಕೂಡದು, ಹಣವನ್ನು ಕೇಳಲೂ ಕೂಡದು. ಪರಾಶರನು ಅತಿಥಿಯ ವಿಚಾರದಲ್ಲಿ ಹೇಳಿದುದನ್ನು ನಮ್ಮ ಶಾಸನಕರ್ತರು ಉಪಕಾರಿಯ ವಿಚಾರದಲ್ಲಿ ಹೇಳಿದ್ದಾರೆ, ಅಷ್ಟೆ.

ಇಷ್ಟನ್ನೂ ಅಲ್ಲಿ ನಿಂತು ಪಾಠ ಹೇಳುವಷ್ಟು ಸಮಯವೆಲ್ಲಿಯದು? ಕೋಲಾರದ ಕಡೆಯಿಂದ ಟೊಮ್ಯಾಟೊ ತುಂಬಿಕೊಂಡು ಬರುತ್ತಿದ್ದ ಟೆಂಪೋ ಒಂದು ನಿಂತಿತು. ಚಾಲಕನು ಕೆಳಗಿಳಿದು ಒಂದು ಮಾತನ್ನೂ ಕೇಳದೆ ತನ್ನ ಟವೆಲನ್ನು ನಾಲ್ಕು ಮಡಿಕೆಯಾಗಿ ಮಡಿಸಿ ಗಾಯದ ಮೇಲೆ ಅದುಮಿ ಹಿಡಿದನು. ಹಿಂದಿನಿಂದ ಹತ್ತಾರು ಪೆಟ್ಟಿಗೆಗಳನ್ನು ಇಳಿಸಿ ರಸ್ತೆಯ ಬದಿಗೆ ಇಟ್ಟರು. ಈಗ ಅವನೊಬ್ಬನೇ ಅಲ್ಲ, ಮೊದಲು ಸುಮ್ಮನೆ ನಿಂತಿದ್ದವರೂ ಕೈಹಾಕಿದರು. ಒಂದು ಹಲಗೆಯ ಮೇಲೆ ತರುಣನನ್ನು ಅಲುಗಾಡದಂತೆ ಮಲಗಿಸಿದರು. ಒಬ್ಬನು ಗಾಯವನ್ನು ಅದುಮಿಕೊಂಡು ಹತ್ತಿರವೇ ಕುಳಿತನು. ನಾವು ಯೆಜ್ಡಿಯಲ್ಲಿ ಮುಂದೆ ಮುಂದೆ ಹೋಗುತ್ತ, ಅದರ ಕರ್ಕಶವಾದ ಸದ್ದಿನಿಂದಲೇ ದಾರಿ ಬಿಡಿಸಿದೆವು. ಆ ಸದ್ದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಆಸ್ಪತ್ರೆಯೊಂದರಲ್ಲಿ ವೈದ್ಯರು ಕೂಡಲೇ ಒಳಕ್ಕೆ ತೆಗೆದುಕೊಂಡರು. ಆದರೆ ಹೊರಗಿನ ಮೇಜಿನ ಬಳಿ ಕುಳಿತಿದ್ದ ಗುಮಾಸ್ತನು ಚಾಲಕನನ್ನು ಬಿಡಲೊಲ್ಲನು. ಹೆಸರು ಬರೆಸು, ಲೈಸೆನ್ಸು ತೋರಿಸು, ಪೊಲೀಸಿನವರು ಬರುವವರೆಗೆ ಇರು ಎಂದು ಹಟಹಿಡಿದನು. ಚಾಲಕನ ಮುಖವು ಬೆಳ್ಳಗಾಯಿತು. ಗಾಯವನ್ನು ಕಂಡು ಹೆದರದವನು ಕಾಗದವನ್ನು ಕಂಡು ಹೆದರಿದನು. ಅಷ್ಟರಲ್ಲಿ ಬಾಗಿಲ ಪಕ್ಕದ ಗೋಡೆಯು ನಮ್ಮ ಕಣ್ಣಿಗೆ ಬಿತ್ತು. ಉಪಕಾರಿಯ ಹಕ್ಕುಗಳನ್ನು ಪ್ರತಿಯೊಂದು ಆಸ್ಪತ್ರೆಯೂ ಹಿಂದಿ, ಇಂಗ್ಲಿಷು ಮತ್ತು ದೇಶಭಾಷೆಯಲ್ಲಿ ಬರೆಯಿಸಿ ಪ್ರವೇಶದ್ವಾರದಲ್ಲಿಯೋ ಎಲ್ಲರಿಗೂ ಕಾಣುವ ಬೇರೆಡೆಯಲ್ಲಿಯೋ ಹಾಕಬೇಕೆಂದು 2020ರ ನಿಯಮವಿದೆ. ಫಲಕವು ಅಲ್ಲಿತ್ತು, ಮುಂದೆ ಕುಂಡದಲ್ಲಿದ್ದ ಗಿಡವೊಂದು ಅದನ್ನು ಮುಕ್ಕಾಲುಪಾಲು ಮರೆಮಾಡಿತ್ತು. ಕುಂಡವನ್ನು ಸರಿಸಿ, ತರಗತಿಯಲ್ಲಿ ಓದುವ ಧ್ವನಿಯಲ್ಲಿ ಗುಮಾಸ್ತನಿಗೆ ಓದಿ ಹೇಳಿದೆವು. ಕಾಯುತ್ತ ಕುಳಿತಿದ್ದ ರೋಗಿಗಳೆಲ್ಲ ಕೇಳಿದರು. ಒಳಗಿನಿಂದ ಬಂದ ವೈದ್ಯೆಯೊಬ್ಬರು, “ಅವರನ್ನು ಬಿಡ್ರೀ,” ಎಂದು ಗದರಿದ ಮೇಲೆ ಗುಮಾಸ್ತನು ಸುಮ್ಮನಾದನು.

ಚಾಲಕನು ನಮ್ಮ ಕಡೆ ನೋಡಿ, “ಬರ್ತೀನಿ ಸಾರ್, ಹಣ್ಣು ರೋಡಲ್ಲಿ ಐತೆ,” ಎಂದವನೇ ಓಡಿದನು. ಅವನು ಟವೆಲನ್ನೂ ಕೇಳಲಿಲ್ಲ. ನೆರವಾದವರಿಗೆ 5,000 ರೂಪಾಯಿ ಪಾರಿತೋಷಕ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರವು 2021ರಲ್ಲಿ ತಂದು, 2025ರಲ್ಲಿ ಆ ಮೊತ್ತವನ್ನು 25,000ಕ್ಕೆ ಏರಿಸಿದೆ. ಅದನ್ನು ತಿಳಿಸೋಣವೆಂದು ಹಿಂದೆ ಹೋಗುವಷ್ಟರಲ್ಲಿ ಟೆಂಪೋ ತಿರುವನ್ನು ದಾಟಿತ್ತು.

ತರುಣನು ಬದುಕಿದನು. ತೊಡೆಯ ಎಲುಬು ಮುರಿದಿತ್ತು. ಇನ್ನು ಕಾಲುಗಂಟೆ ತಡವಾಗಿದ್ದರೆ ರಕ್ತಸ್ರಾವದಿಂದಲೇ ಹೋಗುತ್ತಿದ್ದನೆಂದು ವೈದ್ಯರು ಅವನ ಮನೆಯವರಿಗೆ ಹೇಳಿದರಂತೆ. ಒಂದು ತಿಂಗಳಾದ ಮೇಲೆ ಅವನ ತಾಯಿಯವರು ಫೋನು ಮಾಡಿ, “ಆ ಟೆಂಪೋದವರನ್ನ ಒಂದ್ ದಿನ ಊಟಕ್ಕೆ ಕರೀಬೇಕು, ಯಾರು ಅಂತ ಹೇಳ್ತೀರಾ?” ಎಂದು ಕೇಳಿದರು. ನಮಗೆ ಗೊತ್ತಿದ್ದುದು ಬಂಡಿಯ ನೀಲಿ ಬಣ್ಣವೂ ಟೊಮ್ಯಾಟೊ ಎಂಬುದೂ ಮಾತ್ರ. ಆ ತಾಯಿಯವರು ಕೆಲವು ಕಾಲ ಸುಮ್ಮನಿದ್ದು, “ಹಾಗಾದರೆ ನೀವಾದರೂ ಬನ್ನಿ,” ಎಂದರು. ಹೋದೆವು. ಎಲೆಯನ್ನು ಎರಡು ಹಾಕಿದ್ದರು. ಒಂದರ ಮುಂದೆ ನಮ್ಮನ್ನು ಕೂರಿಸಿ, ಮತ್ತೊಂದಕ್ಕೂ ಎಲ್ಲವನ್ನೂ ಬಡಿಸಿ, ಅದನ್ನು ಬೀದಿ ಗುಡಿಸಲು ಬಂದಿದ್ದ ಪೌರಕಾರ್ಮಿಕರೊಬ್ಬರನ್ನು ಕರೆದು ಕೂರಿಸಿ ಉಣಿಸಿದರು.

ಈ ಸಂಗತಿಯನ್ನು ಮೇಡಹಳ್ಳಿಯ ಹತ್ತಿರ ಚಹ ಮಾರುವ ಅಮ್ಮನಿಗೆ ಹೇಳಿದೆವು. ತನ್ನ ಅಂಗಡಿಯ ಮುಂದೆಯೇ ವರ್ಷಕ್ಕೆ ಮೂರುನಾಲ್ಕು ಬಂಡಿಗಳು ಬೀಳುತ್ತವೆಂದೂ, ಎತ್ತಲು ಬಂದವರು ಅರ್ಧದಲ್ಲಿಯೇ ಹೆದರಿ ನಿಲ್ಲುತ್ತಾರೆಂದೂ ಆಕೆ ಹೇಳಿದಳು. “ಆ ಕಾನೂನು ಏನೈತೋ ದೊಡ್ಡಕ್ಷರದಾಗೆ ಬರ್‍ಕೊಡಿ ಸ್ವಾಮಿ, ನಂಗೆ ಓದಕ್ ಬರಲ್ಲ, ಓದೋರಿಗೆ ತೋರಿಸ್ತೀನಿ,” ಎಂದಳು. ಬಿಸ್ಕತ್ತಿನ ರಟ್ಟಿನ ಮೇಲೆ ಕನ್ನಡದಲ್ಲಿ ಆರು ಸಾಲು ಬರೆದುಕೊಟ್ಟೆವು. ಅದನ್ನು ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಿದ್ದಾಳೆ. ಒಲೆಯ ಆವಿಗೆ ಮಸಿ ಮಾಸುತ್ತಿದೆಯಂತೆ. ಮುಂದಿನ ಸಲ ಬರುವಾಗ ಬಣ್ಣದಲ್ಲಿ ಬರೆದು, ಕೆಳಗೆ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಯಾರಿಂದಲಾದರೂ ಬರೆಯಿಸಿ ತರಬೇಕೆಂದು ಆಕೆಯ ಅಪ್ಪಣೆಯಾಗಿದೆ.