ಕಾಂತಾರವೆಂದರೆ ಬರಿಯ ಕಾಡಲ್ಲ

2022ರಲ್ಲಿ ‘ಕಾಂತಾರ’ ಎಂಬ ಕನ್ನಡ ಚಲನಚಿತ್ರವು ತೆರೆಕಂಡ ಮೇಲೆ, ಅದುವರೆಗೆ ಕಾವ್ಯ ಸ್ತೋತ್ರಗಳ ಪುಟಗಳಲ್ಲಿ ಅಡಗಿದ್ದ ಪದವೊಂದು ಮನೆಮಾತಾಯಿತು. ಮರೆತ ಪದವು ಮರಳಿ ನಾಲಗೆಗೆ ಬಂದುದು ಸಂತೋಷದ ಸಂಗತಿಯೇ. ಆಕ್ಷೇಪವಿರುವುದು ಚಿತ್ರದ ಮೇಲಲ್ಲ. ‘ಕಾಂತಾರವೆಂದರೆ ಕಾಡು’ ಎಂದು ಒಂದೇ ಉಸಿರಿನಲ್ಲಿ ಅರ್ಥ ಹೇಳಿ ಮುಗಿಸುವ ವ್ಯಾಖ್ಯಾನಕಾರರ ಮೇಲೆ. ‘ಸಂಸಾರ ಕಾಂತಾರ’ ಎಂಬ ಹಳೆಯ ಸಮಾಸವನ್ನು ಇವರು ವಿವರಿಸುವ ರೀತಿಯನ್ನು ನೋಡಿದರೆ ಸಾಕು: ಸಂಸಾರವೊಂದು ಕಾಡು, ಕಾಡಿನಲ್ಲಿ ಮೃಗಗಳಿವೆ, ಆದುದರಿಂದ ಅದನ್ನು ಬಿಟ್ಟು ಓಡಬೇಕು! ಎದುರಿಗೆ ಕುಳಿತ ಗೃಹಿಣಿಯೂ ಒಕ್ಕಲಿಗನೂ ತಮ್ಮ ಬದುಕೇ ಒಂದು ಅಪರಾಧವೆಂಬ ಭಾವದಿಂದ ಮನೆಗೆ ಮರಳುತ್ತಾರೆ.

ಕೋಶಗಳು ಹೀಗೆ ಹೇಳುವುದಿಲ್ಲ. ಅಮರಸಿಂಹನು ಅಟವಿ, ವಿಪಿನ, ಕಾನನ ಮೊದಲಾದ ಕಾಡಿನ ಹೆಸರುಗಳನ್ನು ವನೌಷಧಿವರ್ಗದ ಆರಂಭದಲ್ಲಿಯೇ ಸಾಲಾಗಿ ಕೊಟ್ಟಿದ್ದಾನೆ. ಆ ಸಾಲಿನಲ್ಲಿ ಕಾಂತಾರವಿಲ್ಲ. ಅದು ಕಾಣಿಸಿಕೊಳ್ಳುವುದು ಭೂಮಿವರ್ಗದಲ್ಲಿ, ದಾರಿಗಳ ನಡುವೆ. ನಡೆಯಲು ಕಷ್ಟವಾದ ಹಾದಿಯೇ ಅಲ್ಲಿ ಕಾಂತಾರ. ನಾನಾರ್ಥವರ್ಗಕ್ಕೆ ಬಂದಾಗ ಮಹಾರಣ್ಯ, ದುರ್ಗಮ ಮಾರ್ಗ ಎಂಬ ಎರಡು ಅರ್ಥಗಳನ್ನೂ ಒಟ್ಟಿಗೆ ಕೊಡುತ್ತಾನೆ. (ಕಬ್ಬಿನ ಒಂದು ಜಾತಿಗೂ ಅವನಲ್ಲಿ ಕಾಂತಾರಕವೆಂಬ ಹೆಸರಿದೆ. ಒಂದು ಪದಕ್ಕೆ ಒಂದೇ ಅರ್ಥವೆನ್ನುವವರು ಇಲ್ಲಿ ಏನು ಮಾಡುತ್ತಾರೋ!)

ಪಾಲಿ ಜಾತಕಗಳ ಅಟ್ಠಕಥೆಯು ಇನ್ನೂ ಸ್ಪಷ್ಟವಾಗಿದೆ. ಎತ್ತಿನ ಗಾಡಿಗಳನ್ನು ಹೂಡಿಕೊಂಡು ಹೊರಟ ವರ್ತಕರ ಕಥೆಯಲ್ಲಿ ಅದು ಐದು ಬಗೆಯ ಕಾಂತಾರಗಳನ್ನು ಹೇಳುತ್ತದೆ: ಕಳ್ಳರದು, ಕ್ರೂರಮೃಗಗಳದು, ನೀರಿಲ್ಲದ್ದು, ಅಮಾನುಷ ಶಕ್ತಿಗಳದು, ಆಹಾರ ದೊರೆಯದ್ದು. ನೀರಿಲ್ಲದ ಕಾಂತಾರದಲ್ಲಿ ಯಾವ ಮರ? ಅದೇ ಸಂಗ್ರಹದ ಇನ್ನೊಂದು ಕಥೆಯಲ್ಲಿ ಹಗಲು ಕಾಲಿಡಲಾಗದಷ್ಟು ಕಾದ ಮರಳುಗಾಡೂ ಕಾಂತಾರವೇ. ಹಾಗಾದರೆ ಈ ಪದದ ಜೀವವಿರುವುದು ಮರಗಳಲ್ಲಲ್ಲ, ದಾಟುವುದರ ಕಷ್ಟದಲ್ಲಿ. ದಾಟುವವನೇ ಇಲ್ಲದಿದ್ದರೆ ಅದು ಕಾಂತಾರವೇ ಅಲ್ಲ.

ಸಮುದ್ರಗುಪ್ತನ ಪ್ರಯಾಗದ ಸ್ತಂಭಶಾಸನದಲ್ಲಿ ಮಹಾಕಾಂತಾರವೆಂಬ ನಾಡೂ, ಅದನ್ನಾಳಿದ ವ್ಯಾಘ್ರರಾಜನೂ ಇದ್ದಾರೆ, ಪದಕ್ಕೆ ಅರಣ್ಯಪ್ರದೇಶವೆಂಬ ಅರ್ಥವೂ ಇಲ್ಲದಿಲ್ಲ ಎಂದು ಪ್ರತಿವಾದಿಗಳು ಹೇಳಬಹುದು. ಒಪ್ಪತಕ್ಕ ಮಾತು. ಆದರೆ ನಾಡಿನ ಹೆಸರಿಗೆ ಸಲ್ಲುವ ಅರ್ಥವನ್ನು ಸಂಸಾರದ ಉಪಮೆಗೆ ತಂದು ಅಂಟಿಸುವುದು ಸಲ್ಲದು. ಸಂಸಾರವನ್ನು ಕಾಂತಾರವೆಂದವರು ಅದನ್ನು ನೆಲೆಯೆಂದು ಕಾಣಲಿಲ್ಲ, ಹಾದಿಯೆಂದು ಕಂಡರು. ಹಾದಿಯಲ್ಲಿ ನಡೆಯಬೇಕು, ಬುತ್ತಿ ಬೇಕು, ನೀರು ಬೇಕು, ದಾರಿಬಲ್ಲ ಸಂಗಾತಿ ಬೇಕು. ಜಾತಕದ ವರ್ತಕರಿಬ್ಬರಲ್ಲಿ ಕೆಟ್ಟವನು ಹಾದಿಗಿಳಿದವನೆಂಬ ಕಾರಣಕ್ಕೆ ಕೆಡಲಿಲ್ಲ, ಯಾರದೋ ಮಾತನ್ನು ನಂಬಿ ಒಯ್ಯುತ್ತಿದ್ದ ನೀರನ್ನು ನಡುದಾರಿಯಲ್ಲಿ ಚೆಲ್ಲಿ ಕೆಟ್ಟನು.

ಹನ್ನೆರಡನೆಯ ಶತಮಾನದ ಶರಣರನ್ನು ‘ಓಡಿಹೋಗು’ ಎಂಬ ವ್ಯಾಖ್ಯಾನದೊಳಗೆ ತೂರಿಸುವುದಂತೂ ಅಸಾಧ್ಯ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಕಲ್ಯಾಣದ ಬೀದಿಯಲ್ಲಿಯೇ ಅಕ್ಕಿ ಆಯ್ದರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಅಂಬಿಗರ ಚೌಡಯ್ಯನವರ ಕಾಯಕವೇ ಜನರನ್ನು ಆಚೆ ದಡಕ್ಕೆ ಮುಟ್ಟಿಸುವುದಾಗಿತ್ತು. ‘ಅಕ್ಕಮಹಾದೇವಿಯವರು ಕಾಡಿಗೆ ಹೋಗಲಿಲ್ಲವೇ?’ ಎಂಬ ಪ್ರಶ್ನೆಯು ಇಲ್ಲಿ ತಪ್ಪದೆ ಏಳುತ್ತದೆ. ಹೋದರು, ಆದರೆ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಆ ತಾಯಿ ಅಡಗಲು ಪೊದೆಯನ್ನು ಹುಡುಕಲಿಲ್ಲ, ಚೆನ್ನಮಲ್ಲಿಕಾರ್ಜುನನನ್ನು ಹುಡುಕಿದರು. ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿನಿಂದೆಗಳಿಗೆ ಅಂಜದೆ ಸಮಾಧಾನಿಯಾಗಿರಬೇಕೆಂದು ಹೇಳಿದವರೂ ಅವರೇ. ಸಂತೆಯೊಳಗೆ ಮನೆಮಾಡಿದವನು ಸದ್ದಿಗೆ ನಾಚಿದರೆ ಹೇಗೆಂದು ಕೇಳಿದ ಆ ವಚನವನ್ನು, ಸಂಸಾರ ಕಾಂತಾರದ ಪ್ರವಚನಕ್ಕೆ ಏಳುವ ಮುನ್ನ ಒಮ್ಮೆ ಓದಿಕೊಳ್ಳಬಹುದು.