ಮೊದಲನೇ ಪೈಗೆ ಯಾಲಕ್ಕಿ ಬ್ಯಾಡ

ವೈನಿ, ಮಾವಶಿ, ಅಕ್ಕಂದಿರ, ಬಾಜೂ ಮನಿ ಗೆಳತ್ಯಾರ, ಇವತ್ತ ನಿಮ್ಮ ಜೋಡಿ ಸ್ವಲ್ಪ ಜಗಳಾ ಆಡೋದದ. ಪೂರ್ತಿ ಓದ್ರಿ, ಆಮ್ಯಾಲೆ ಬೈರಿ.

ಹೋದ ವಾರ ಇಲ್ಲೆ ರಾಚೆಸ್ಟರ್‌ನಾಗ ನಮ್ಮ ಕನ್ನಡದವರೆಲ್ಲಾ ಕೂಡಿ ಥ್ಯಾಂಕ್ಸ್‌ಗಿವಿಂಗ್ ಊಟ ಮಾಡಿದ್ವಿ. ಒಬ್ಬೊಬ್ಬರು ಒಂದೊಂದು ಅಡಗಿ ತರೂದು ಪದ್ಧತಿ. ನನ್ನ ಪಾಲಿಗೆ ಚಿತ್ರಾನ್ನ ಬಂದಿತ್ತು. ಟೇಬಲ್ ಮ್ಯಾಲೆ ನೋಡಿದ್ರ ನಾಲ್ಕು ಆಪಲ್ ಪೈ ಇದ್ದವು. ಒಂದಕ್ಕ ಯಾಲಕ್ಕಿ-ಕೇಸರಿ, ಇನ್ನೊಂದಕ್ಕ ಖೋವಾ, ಮೂರನೇದಕ್ಕ ಗುಲ್ಕಂದ, ನಾಲ್ಕನೇದರಾಗ ಗೋಡಂಬಿ-ದ್ರಾಕ್ಷಿ ತುಪ್ಪದಾಗ ಹುರಿದು ಹಾಕಿದ್ರು. ಬರೇ ಸೇಬಿನ ಪೈ ಒಂದೂ ಇರಲಿಲ್ಲ. ಕೇಳಿದ್ರ ನಾಲ್ಕೂ ಮಂದಿದು ಒಂದ ಮಾತು: "ಇಲ್ಲೇವರದು ಭಾಳ ಸಪ್ಪಗ ಇರ್ತದರೀ, ನಾನು ಸ್ವಲ್ಪ ಸುಧಾರಿಸೀನಿ."

ಈ "ಸುಧಾರಿಸೀನಿ" ಅನ್ನೋ ಮಾತಿನ ಮ್ಯಾಲೇನ ನನ್ನ ತಕರಾರು. ಒಬ್ಬರ ಮನಿ ಅಡಗಿ ನಮಗ ಒಮ್ಮೆನೂ ಇದ್ದದ್ದು ಇದ್ದಂಗ ಮಾಡ್ಲಿಕ್ಕೆ ಬರೂದಿಲ್ಲ ಅಂದ ಮ್ಯಾಲೆ, ಅದನ್ನ ಸುಧಾರಿಸೋ ಹಕ್ಕು ನಮಗ ಎಲ್ಲಿಂದ ಬಂತು? ಮೊದಲನೇ ಪೈ ಸಾದಾ ಮಾಡ್ರಿ. ಸೇಬು, ಸಕ್ಕರಿ, ಬೆಣ್ಣಿ, ಹಿಟ್ಟು, ಒಂದೀಟು ದಾಲ್ಚಿನ್ನಿ. ಅಷ್ಟ ಸಾಕು.

ಇದನ್ನ ನಾನು ಮ್ಯಾಲೆ ಕೂತು ಉಪದೇಶ ಮಾಡ್ಲಿಕತ್ತಿಲ್ಲ. ಈ ತಪ್ಪು ಎಲ್ಲಾರಿಗಿಂತ ಮೊದಲು ಮಾಡಿದಾಕಿ ನಾನ.

ಹನ್ನೆರಡು ವರ್ಷದ ಹಿಂದ ನಾವು ಈ ಮನಿಗೆ ಬಂದ್ವಿ. ಸಾಮಾನು ಇನ್ನೂ ಡಬ್ಬಿಯೊಳಗ ಇದ್ದವು. ಎರಡನೇ ದಿನ ಬಾಜೂ ಮನಿ ಅಜ್ಜಿ ಒಂದು ಗಾಜಿನ ತಾಟಿನೊಳಗ ಬಿಸಿ ಆರಿದ ಪೈ ಹಿಡಕೊಂಡು ಬಂದ್ರು. ಫೋನಿನ್ಯಾಗ ಅವ್ವಗ ಹೇಳಿದ್ರ, "ಪೈ ಅಂದ್ರ ಯಾರವಾ, ಮಂಗಳೂರು ಕಡೆಯವರೇನು?" ಅಂತ ಕೇಳಿದ್ಲು. ನಮ್ಮ ಪದ್ಧತಿ ನಿಮಗ ಗೊತ್ತ ಅದ, ಖಾಲಿ ತಾಟು ಹೊಳ್ಳಿ ಕೊಡಬಾರದು. ಹಂಗಂತ ನಾನೂ ಒಂದು ಪೈ ಮಾಡಿದೆ. ಬೆಣ್ಣಿ ಬದಲು ಮನಿ ತುಪ್ಪ, ದಾಲ್ಚಿನ್ನಿ ಬದಲು ಯಾಲಕ್ಕಿ, ಮ್ಯಾಲೆ ಕೇಸರಿ. ಭಾಳ ಹೆಮ್ಮಿಯಿಂದ ತಾಟು ತುಂಬಿ ಒಯ್ದು ಕೊಟ್ಟೆ. ಅಜ್ಜಿ ನನ್ನ ಮುಂದ ಒಂದು ಚಮಚ ತಿಂದ್ರು. ನಕ್ಕು "ಇಂಟರೆಸ್ಟಿಂಗ್" ಅಂದ್ರು. ನಾನು ಅದನ್ನ ಹೊಗಳಿಕಿ ಅಂತ ತಿಳಕೊಂಡು ಮನಿಗೆ ಬಂದು ಎಲ್ಲಾರಿಗೂ ಹೇಳಿದೆ.

ಆ ಮಾತಿನ ಅರ್ಥ ತಿಳೀಲಿಕ್ಕೆ ನನಗ ಒಂಬತ್ತು ವರ್ಷ ಬೇಕಾತು.

ಮೂರು ವರ್ಷದ ಹಿಂದ ಯುಗಾದಿಗೆ, ನಮ್ಮ ಮಗ ಮದುವಿ ಆಗಬೇಕಂತಿದ್ದ ಹುಡುಗಿ ಮನಿಗೆ ಬಂದ್ಲು. ಇಲ್ಲೇ ಹುಟ್ಟಿ ಬೆಳೆದಾಕಿ. ನಮ್ಮ ಹಬ್ಬಕ್ಕ ಅಂತ ತಾನ ಹೋಳಿಗಿ ಮಾಡ್ಕೊಂಡು ಬಂದಿದ್ಲು. ಹೂರಣದಾಗ ಶೇಂಗಾ ಬೆಣ್ಣಿ, ಚಾಕಲೇಟ್ ಚೂರು. ಕಡ್ಲಿಬ್ಯಾಳಿ ಒಣಾ ಒಣಾ ಅನಸ್ತದ ಅಂತ ಆಕಿ "ಸುಧಾರಿಸಿದ್ಲು". ಎಷ್ಟು ಪ್ರೀತಿಯಿಂದ ತಂದಿದ್ಲು ಅಂದ್ರ ಆಕಿ ಮಾರಿ ನೋಡಿದ್ರನ ತಿಳೀತಿತ್ತು. ನಾನು ಒಂದು ತುತ್ತು ತಿಂದೆ. ನನ್ನ ಬಾಯಿಂದ ತಾನ ಹೊರಗ ಬಂತು: "ಇಂಟರೆಸ್ಟಿಂಗ್."

ಹಂಗಂದ ಮರುಕ್ಷಣ ನನಗ ಅಜ್ಜಿ ಮಾರಿ ಕಣ್ಣ ಮುಂದ ಬಂತ್ರಿ. ಅವತ್ತ ರಾತ್ರಿ ನಿದ್ದಿ ಬರಲಿಲ್ಲ. ಹುಡುಗಿ ಮ್ಯಾಲೆ ಸಿಟ್ಟು ಇರಲಿಲ್ಲ, ಖರೇನ. ಆದ್ರ ನನ್ನ ಅವ್ವನ ಹೋಳಿಗಿ ಆಕಿಗೆ ಏನಂತ ಗೊತ್ತಾಗೂದಕ್ಕಿಂತ ಮೊದಲ ಅದು ಬದಲಾಗಿ ಹೋತಲ್ಲಾ ಅಂತ ಒಳಗ ಚುಚ್ಚಿದಂಗ ಆತು. ನಾಳೆ ಮೊಮ್ಮಕ್ಕಳು ಅದನ್ನ ಹೋಳಿಗಿ ಅಂತ ತಿಳಕೊಂಡ್ರ?

ಆ ವರ್ಷ ಸೆಪ್ಟೆಂಬರ್‌ನಾಗ ನಾನು ಅಜ್ಜಿ ಅಡಗಿ ಮನಿಗೆ ಹೋಗಿ ನಿಂತೆ. "ನಿಮ್ಮ ಪೈ ನನಗ ಕಲಸ್ರಿ" ಅಂದೆ. ಅಜ್ಜಿ ಏನೂ ಕೇಳಲಿಲ್ಲ. ಒಂದು ಏಪ್ರನ್ ಕೊಟ್ರು.

ಅಲ್ಲಿ ತಿಳೀತು ನನ್ನ ಕೈ ಎಷ್ಟು ಉಲ್ಟಾ ಕಲ್ತದ ಅಂತ. ಹೋಳಿಗಿ ಕಣಕ ಹೆಂಗ ಮಾಡ್ತೀವಿ? ನಾದಿ ನಾದಿ, ಎಣ್ಣಿ ಹಾಕಿ ಮತ್ತ ನಾದಿ, ಮೆತ್ತಗ ಎಳದ್ರ ಬರೋಹಂಗ. ಪೈ ಹಿಟ್ಟಿಗೆ ಅದೆಲ್ಲಾ ವಿಷ. ನಾದಿದಷ್ಟೂ ಹಿಟ್ಟಿನ್ಯಾಗ ಜಿಗಿ ಬರ್ತದ, ಬೇಯಿಸಿದ ಮ್ಯಾಲೆ ಚರ್ಮದಂಗ ಬಿರಸಾಗ್ತದ. ಬೆಣ್ಣಿ ಫ್ರಿಜ್‌ನಾಗಿಂದ ತೆಗೆದು ಗಟ್ಟಿ ಇದ್ದಾಗನ ಹಿಟ್ಟಿನ್ಯಾಗ ಬೆರಳ ತುದಿಯಿಂದ ತಿಕ್ಕಬೇಕು, ಅಲ್ಲಲ್ಲೆ ಬಟಾಣಿ ಕಾಳಿನಷ್ಟು ತುಂಡು ಉಳೀಬೇಕು. ಆಮ್ಯಾಲೆ ಬರ್ಫದ ನೀರು ಒಂದೊಂದ ಚಮಚ ಚಿಮುಕಿಸಿ, ಹಿಟ್ಟು ಕೂಡಿತು ಅನ್ನೂದ್ರಾಗ ಕೈ ಬಿಡಬೇಕು. ನಾನು ಸುಮ್ನ ಇರಲಾರದ ಇನ್ನೆರಡು ಸಲ ನಾದ್ಲಿಕ್ಕೆ ಹೋದ್ರ ಅಜ್ಜಿ ನನ್ನ ಕೈ ಮ್ಯಾಲೆ ಮೆತ್ತಗ ಹೊಡದ್ರು.

ನನ್ನ ತುಪ್ಪದ ಪೈ ಯಾಕ ಕೆಟ್ಟಿತ್ತು ಅಂತನೂ ಅವತ್ತ ತಿಳೀತು. ಬೆಣ್ಣಿಯೊಳಗ ನೂರಕ್ಕ ಸುಮಾರು 16ರಷ್ಟು ನೀರಿರ್ತದ. ಓವನ್ನಿನ ಕಾವಿಗೆ ಆ ತುಂಡು ಕರಗಿ, ನೀರು ಉಗಿ ಆಗಿ, ಹಿಟ್ಟನ್ನ ಪದರ ಪದರ ಎತ್ತತದ. ಕಾಸಿದ ತುಪ್ಪದಾಗ ನೀರ ಎಲ್ಲಿರ್ತದ? ಮೆತ್ತಗಿನ ತುಪ್ಪ ಹಿಟ್ಟಿನ್ಯಾಗ ಪೂರ್ತಿ ಕೂಡಿಬಿಡ್ತದ, ಪದರ ಏಳೂದಿಲ್ಲ, ನಾನ್‌ಕಟಾಯಿ ಹಂಗ ಪುಡಿ ಪುಡಿ ಆಗ್ತದ. ನಾನು ಸುಧಾರಿಸಿದೆ ಅಂದದ್ದು ಅದರ ಜೀವಾನ ತೆಗೆದದ್ದು.

ಸೇಬಿಂದೂ ಹಂಗ. ಅಜ್ಜಿ ನಾರ್ದರ್ನ್ ಸ್ಪೈ ಅನ್ನೋ ಹಣ್ಣ ಬೇಕಂತಾರ. ಅದು ನಮ್ಮ ಈ ಕಡೆ, ನ್ಯೂಯಾರ್ಕ್ ರಾಜ್ಯದ ಈಸ್ಟ್ ಬ್ಲೂಮ್‌ಫೀಲ್ಡ್‌ನಾಗ ಹುಟ್ಟಿದ ತಳಿ. ಹುಳಿ-ಸಿಹಿ ಎರಡೂ ಇರ್ತದ, ಬೆಂದ್ರೂ ಹೋಳು ಹೋಳಾಗೇ ಉಳೀತದ. ಅದಿಲ್ಲಂದ್ರ ಹಸರು ಗ್ರ್ಯಾನಿ ಸ್ಮಿತ್. ಮ್ಯಾಕಿಂಟಾಶ್ ತಿನ್ಲಿಕ್ಕೆ ಛಲೋ, ಪೈಯೊಳಗ ಮಾತ್ರ ಕರಗಿ ಅಂಬಲಿ ಆಗ್ತದ. ಇಷ್ಟು ಆರಿಸಿ ಆರಿಸಿ ತಂದ ಹಣ್ಣಿನ ಹುಳಿ ಮ್ಯಾಲೆ ನಾವು ಯಾಲಕ್ಕಿ ಸುರುವಿದ್ರ, ಬಾಯಿಗೆ ಬರೂದು ಬರೇ ಯಾಲಕ್ಕಿ. ಸೇಬು ಇದ್ದೂ ಇಲ್ಲದಂಗ.

ಈಗ ನಿಜವಾದ ಮಾತಿಗೆ ಬರ್ತೀನಿ. ಪೈ ಓವನ್ನಿನ್ಯಾಗ ಇದ್ದಾಗ ಅಜ್ಜಿ ತಮ್ಮ ಅಡಗಿ ಚೀಟಿ ತೋರಿಸಿದ್ರು. ಹಳದಿ ಆಗಿ ಹೋದ ಕಾರ್ಡು, ಅವರ ಅವ್ವನ ಅಕ್ಷರ. ಅದರಾಗ ಬೆಣ್ಣಿ ಇರಲಿಲ್ಲ. "ಲಾರ್ಡ್" ಅಂತ ಇತ್ತು, ಅಂದ್ರ ಹಂದಿ ಕೊಬ್ಬು. ಹಳೇ ಕಾಲದ ಪೈ ಹಿಟ್ಟಿಗೆ ಅದನ್ನ ಭಾಳ ಮಂದಿ ಹಾಕ್ತಿದ್ರು. ಆ ಶಬ್ದದ ಮ್ಯಾಲೆ ಪೆನ್ಸಿಲಿಂದ ಒಂದು ಗೆರಿ ಎಳೆದು, ಬಾಜೂಕ "ಬೆಣ್ಣಿ, ಪಕ್ಕದ ಮನಿಗೆ" ಅಂತ ಬರದಿದ್ರು. ಮ್ಯಾಲೆ ಹಚ್ಚೋ ತತ್ತಿ ಅನ್ನೂದನ್ನೂ ಹೊಡೆದು "ಹಾಲು" ಅಂತ ಬರದಿದ್ರು. ನಾವು ಮನಿಗೆ ಬಂದ ಮೊದಲನೇ ದಿನ ಇವರಿಗೆ, ಅಂದ್ರ ನಮ್ಮ ಮನಿಯವರಿಗೆ, ಬೇಲಿ ಮಗ್ಗಲ ನಿಂತು "ನೀವು ಏನೇನು ತಿನ್ನೂದಿಲ್ಲ?" ಅಂತ ಕೇಳಿದ್ರಂತ. ನನಗ ಅದು ಗೊತ್ತ ಇರಲಿಲ್ಲ.

ನೋಡ್ರಿ, ನಾನು ಸಪ್ಪಗ ಅದ ಅಂತ ಸುಧಾರಿಸ್ಲಿಕ್ಕೆ ಹೋದ ಆ ಪೈ, ನಮ್ಮ ಸಲುವಾಗಿ ಆಗಲೇ ಒಮ್ಮೆ ಬದಲಾಗಿತ್ತು. ತಮ್ಮ ಅವ್ವನ ಕಾಲದಿಂದ ನಡಕೊಂಡು ಬಂದದ್ದನ್ನ ಆ ಅಜ್ಜಿ ಒಂದ ದಿನದಾಗ ತಿದ್ದಿದ್ರು, ಹೇಳಿಕೊಳ್ಳಲಿಲ್ಲ. ಅವರು ಬದಲು ಮಾಡಿದ್ರೂ ಪೈ ಪೈನ ಆಗಿ ಉಳೀತು. ನಾನು ಬದಲು ಮಾಡಿದ್ದು ಯಾಕ ಕೆಟ್ಟಿತು? ಅವರಿಗೆ ಅದು ಬರ್ತಿತ್ತು, ನನಗ ಬರ್ತಿರಲಿಲ್ಲ. ಫರಕ್ ಅಷ್ಟ.

ಇದನ್ನೆಲ್ಲಾ ಮಗಳ ಮುಂದ ಹೇಳಿದ್ರ ಆಕಿ ಒಪ್ಪಲಿಲ್ಲ. ಕಾಲೇಜಿಗೆ ಹೋಗಾಕಿ, ನನಗ ತಿರುಗಿ ಪಾಠ ಮಾಡಿದ್ಲು. "ಅಮ್ಮಾ, ಸಾದಾ ಪೈ ಅನ್ನೂದ ಸುಳ್ಳು. ಸೇಬು ಹುಟ್ಟಿದ್ದು ಕಜಾಕಸ್ತಾನದ ಗುಡ್ಡದಾಗ. ಪೈ ಬಂದದ್ದು ಇಂಗ್ಲೆಂಡಿಂದ. ಅಲ್ಲಿ 14ನೇ ಶತಮಾನದ 'ದ ಫಾರ್ಮ್ ಆಫ್ ಕ್ಯೂರಿ' ಅನ್ನೋ ಅಡಗಿ ಪುಸ್ತಕದಾಗ ಸೇಬಿನ ಜೋಡಿ ಅಂಜೂರ, ಒಣದ್ರಾಕ್ಷಿ, ಪೇರ್ ಹಣ್ಣು, ಮಸಾಲಿ, ಮ್ಯಾಲೆ ಕೇಸರಿನೂ ಅದ. 1796ರಾಗ ಹಾರ್ಟ್‌ಫರ್ಡ್‌ನಾಗ ಅಚ್ಚಾದ ಅಮೀಲಿಯಾ ಸಿಮನ್ಸ್ ಅವರ 'ಅಮೆರಿಕನ್ ಕುಕರಿ' ಪುಸ್ತಕದ ಆಪಲ್ ಪೈಗೆ ಜಾಪತ್ರಿ, ಗುಲಾಬಿ ನೀರು ಅವ. ನಿನ್ನ ಕೇಸರಿ ಪೈ, ಆ ಮಾವಶಿ ಗುಲ್ಕಂದ ಪೈ, ಎಲ್ಲಾ ಹಳೇದ!"

ಏನು ಹೇಳಲಿ? ಆಕಿ ಹೇಳಿದ್ದು ಖರೆ ಅದ. ನಾನು ಸೋತೆ. ಅಡಗಿ ಅನ್ನೂದು ನದಿ ಇದ್ದಂಗ, ನಿಂತಲ್ಲೆ ನಿಲ್ಲೂದಿಲ್ಲ. ನಮ್ಮ ಹೋಳಿಗಿಗೂ ಒಂದು ಕಾಲದಾಗ ಯಾರೋ ಮೊದಲನೇ ಸಲ ಜಾಜಿಕಾಯಿ ತೇಯ್ದು ಹಾಕಿರಬೇಕು, ಅವರ ಅತ್ತಿ ಮಾರಿ ಸೊಟ್ಟ ಮಾಡಿರಬೇಕು.

ಅದಕ್ಕ ನನ್ನ ಮಾತು ಸ್ವಲ್ಪ ತಿದ್ದಿ ಹೇಳ್ತೀನಿ. ಕೇಸರಿ ಹಾಕಬ್ಯಾಡ್ರಿ ಅಂತಿಲ್ಲ. ಮೊದಲು ಕಲೀರಿ ಅಂತೀನಿ. ಒಂದು ಸಲ ಅವರು ಮಾಡಿದಂಗ ಮಾಡಿ, ಅದರ ರುಚಿ ಏನದ ಅಂತ ಬಾಯಿಗೆ ಗೊತ್ತು ಮಾಡ್ಕೋರಿ. ಆಮ್ಯಾಲೆ ಬೇಕಾದ್ದು ಹಾಕ್ರಿ, ಅದು ನಿಮ್ಮ ಪೈ. ನಮ್ಮ ಹೋಳಿಗಿಗೆ ಯಾವ ಮರ್ಯಾದಿ ಕೇಳ್ತೀವೋ, ಅವರ ಪೈಗೂ ಅದ ಮರ್ಯಾದಿ ಕೊಡಬೇಕಲ್ಲಾ.

ಅಳತಿ ಕೇಳ್ತೀರಿ ಅಂತ ಗೊತ್ತದ, ಬರಕೋರಿ. ಒಂಬತ್ತು ಇಂಚಿನ ತಾಟಿಗೆ ಮೈದಾ ಎರಡೂವರಿ ಕಪ್ಪು, ಉಪ್ಪು ಒಂದು ಸಣ್ಣ ಚಮಚ, ಉಪ್ಪಿಲ್ಲದ ಥಂಡಿ ಬೆಣ್ಣಿ 225 ಗ್ರಾಂ, ಬರ್ಫದ ನೀರು ಆರರಿಂದ ಎಂಟು ದೊಡ್ಡ ಚಮಚ. ಹಿಟ್ಟು ಎರಡು ಪಾಲು ಮಾಡಿ ಒಂದು ತಾಸು ಫ್ರಿಜ್‌ನಾಗ ಇಡ್ರಿ. ಸೇಬು ಏಳೆಂಟು, ಸಿಪ್ಪಿ ತೆಗೆದು ತೆಳ್ಳಗ ಹೆಚ್ಚಿ, ಸಕ್ಕರಿ ಮುಕ್ಕಾಲು ಕಪ್ಪು, ಮೈದಾ ಎರಡು ದೊಡ್ಡ ಚಮಚ, ದಾಲ್ಚಿನ್ನಿ ಪುಡಿ ಒಂದು ಸಣ್ಣ ಚಮಚ, ಲಿಂಬಿ ರಸ ಒಂದು ದೊಡ್ಡ ಚಮಚ ಕಲಸ್ರಿ. ಒಂದು ಪಾಲು ಲಟ್ಟಿಸಿ ತಾಟಿಗೆ ಹಾಸಿ, ಹಣ್ಣು ತುಂಬಿ, ಇನ್ನೊಂದು ಮ್ಯಾಲೆ ಹೊದಿಸಿ, ಕರಚೀಕಾಯಿ ಹಂಗ ಅಂಚು ಒತ್ರಿ. ಉಗಿ ಹೋಗ್ಲಿಕ್ಕೆ ಚಾಕುವಿಂದ ನಾಲ್ಕು ಗೀರು, ಮ್ಯಾಲೆ ಹಾಲು. 220 ಡಿಗ್ರಿ ಸೆಲ್ಸಿಯಸ್‌ನಾಗ 20 ನಿಮಿಷ, ಆಮ್ಯಾಲೆ 190ಕ್ಕ ಇಳಿಸಿ 40 ನಿಮಿಷ. ಗೀರಿನ್ಯಾಗಿಂದ ರಸ ದಪ್ಪಗ ಕುದಿಯೂದು ಕಾಣಬೇಕು. ಧಾರವಾಡದಾಗ ಇರೋರಿಗೆ ಹುಳಿ ಸೇಬು ಸಿಗಲಿಲ್ಲಂದ್ರ ಕೆಂಪು ಸೇಬಿಗೆ ಸಕ್ಕರಿ ಕಡಿಮಿ ಮಾಡಿ, ಲಿಂಬಿ ಜಾಸ್ತಿ ಹಿಂಡ್ರಿ. ಮತ್ತ ಬಿಸಿ ಬಿಸಿ ಬಡಸಬ್ಯಾಡ್ರಿ! ಮೂರು ತಾಸು ಆರಿದ್ರನ ಒಳಗಿನ ರಸ ಗಟ್ಟಿ ಆಗ್ತದ.

ಆ ಹುಡುಗಿ ಈಗ ನಮ್ಮ ಸೊಸಿ. ಪೈ ಕಲ್ತ ಮ್ಯಾಲೆ ನಾನ ಆಕಿಗೆ ಫೋನ್ ಮಾಡಿ, "ಐತವಾರ ಬಾ, ಇಬ್ಬರೂ ಕೂಡಿ ಹೂರಣ ರುಬ್ಬೋಣ" ಅಂದಿದ್ದೆ. ಈಗ ಕಟ್ಟಿನ ಸಾರು ಸುದ್ದಾ ಮಾಡ್ತಾಳ. ಮುಂದ ಆಕಿ ಚಾಕಲೇಟ್ ಹಾಕಿದ್ರೂ ನಾನು ಮಾತಾಡೂದಿಲ್ಲ.

ಅಜ್ಜಿ ಕೈ ಈಗ ನಡಗತಾವ, ಲಟ್ಟಣಿಗಿ ಹಿಡೀಲಿಕ್ಕೆ ಆಗೂದಿಲ್ಲ. ಈ ಸಲ ಹಬ್ಬದ ಮರುದಿನ ಅವರ ಗಾಜಿನ ತಾಟಿನ್ಯಾಗ ನಾನ ಪೈ ಮಾಡಿ ಒಯ್ದೆ. ಒಂದು ತುಂಡು ಪೂರ್ತಿ ತಿಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಟ್ಟಿಗೆ ಉಪ್ಪು ಕಡಿಮಿ ಆಗೇದ" ಅಂದ್ರು.

ಇಂಟರೆಸ್ಟಿಂಗ್ ಅನ್ನಲಿಲ್ಲ.